ನಾಲ್ಕು ವಿಮಾನ, ಎರಡು ಟಿಕೆಟ್: ಬದಿಯಡ್ಕದಿಂದ ಮ್ಯಾಡಿಸನ್‌ಗೆ ಹೇಗೆ ಹೋಗಬೇಕು?

ಪ್ರಶ್ನೆ: ನಾವು ಬದಿಯಡ್ಕ ಕಡೆಯವರು. ನನಗೆ 68, ಮನೆಯವಳಿಗೆ 63. ಮಗಳಿಗೆ ಅಕ್ಟೋಬರ್ ಕೊನೆಗೆ ಅಮೆರಿಕದ ಮ್ಯಾಡಿಸನ್‌ನಲ್ಲಿ ಹೆರಿಗೆ. ಸೆಪ್ಟೆಂಬರ್‌ನಲ್ಲಿ ನಾವಿಬ್ಬರೇ ಹೊರಡಬೇಕು. ವೀಸಾ ಆಗಿದೆ. ಅಳಿಯ ಅಗ್ಗದ ದಾರಿಯೊಂದನ್ನು ಹುಡುಕಿದ್ದಾನೆ. ಮಂಗಳೂರು–ಮುಂಬೈ ಒಂದು ಟಿಕೆಟ್. ಮುಂಬೈ–ಲಂಡನ್–ಷಿಕಾಗೊ–ಮ್ಯಾಡಿಸನ್ ಇನ್ನೊಂದು ಟಿಕೆಟ್. ಮುಂಬೈಯಲ್ಲಿ 3 ಗಂಟೆ, ಷಿಕಾಗೊದಲ್ಲಿ 1 ಗಂಟೆ 50 ನಿಮಿಷ ಸಮಯ ಸಿಗುತ್ತದೆ. ಹೋದ ವರ್ಷ ಮಳೆಗಾಲದಲ್ಲಿ ನನ್ನ ಭಾವ ಇಂಥದೇ ಟಿಕೆಟ್‌ನಲ್ಲಿ ಹೋಗಿದ್ದರು. ಮಂಗಳೂರಿನಲ್ಲೇ 2 ಗಂಟೆ ತಡವಾಗಿ, ಮುಂಬೈಯಲ್ಲಿ ವಿಮಾನ ತಪ್ಪಿ, ಹೊಸ ಟಿಕೆಟಿಗೆ ದುಡ್ಡು ಸುರಿದರು. ಪೆಟ್ಟಿಗೆ ಸಿಕ್ಕಿದ್ದು ನಾಲ್ಕು ದಿನ ಕಳೆದು. ಈಗ ವಿಮಾನದ ಹೆಸರೆತ್ತಿದರೆ ಸಿಡುಕುತ್ತಾರೆ. ಮನೆಯವಳಿಗೆ ಮೊಣಕಾಲು ನೋವು ಬೇರೆ. ನಾನು ಇಂಗ್ಲಿಷ್ ಓದುತ್ತೇನೆ, ಮಾತಾಡಲು ಹಿಂಜರಿಕೆ. ಈ ಟಿಕೆಟ್ ತೆಗೆಯಬಹುದೇ?

ಉತ್ತರ: ತೆಗೆಯಬೇಡಿ. ಅಳಿಯನಿಗೆ ಬೇಸರ ಆಗದ ಹಾಗೆ ಹೇಳಿ, ಆದರೆ ಬೇಡ ಅಂತಲೇ ಹೇಳಿ.

ದೂರದ ಪ್ರಯಾಣ ಅಂದರೆ ಹೆಚ್ಚಿನವರು ಹೆದರುವುದು ಹದಿನಾಲ್ಕು ಗಂಟೆ ಒಂದೇ ಕಡೆ ಕೂರಬೇಕಲ್ಲ ಎಂದು. ಕೂರುವುದು ಕಷ್ಟವೇ. ಆದರೆ ಕೂತಾಗ ಏನೂ ಕೆಡುವುದಿಲ್ಲ. ಕೆಡುವುದೆಲ್ಲ ಒಂದು ವಿಮಾನ ಇಳಿದು ಇನ್ನೊಂದು ಹತ್ತುವ ಜಾಗದಲ್ಲಿ. ಅಲ್ಲಿ ಎಡವಟ್ಟಾದರೆ ಯಾರು ಹೊಣೆ ಎಂಬುದು ಟಿಕೆಟ್ ತೆಗೆದ ದಿನವೇ ತೀರ್ಮಾನ ಆಗಿರುತ್ತದೆ. ಹತ್ತು ಹದಿನೈದು ಸಾವಿರ ಉಳಿಸಿಕೊಡುವ ಟಿಕೆಟ್‌ಗಳು ಸಾಮಾನ್ಯವಾಗಿ ಆ ಹೊಣೆಯನ್ನು ನಿಮ್ಮ ತಲೆಗೆ ಕಟ್ಟಿಯೇ ಅಷ್ಟು ಉಳಿಸುವುದು.

ನಿಮ್ಮ ಭಾವನಿಗೆ ಆದದ್ದು ಅದೇ. ಅವರ ಕೈಯಲ್ಲಿ ಎರಡು ಟಿಕೆಟ್ ಇತ್ತು. ಎರಡಕ್ಕೂ ಪಿಎನ್‌ಆರ್ ಬೇರೆ. ಮಂಗಳೂರಿನಿಂದ ಕರೆದೊಯ್ದ ಕಂಪೆನಿಯ ಲೆಕ್ಕದಲ್ಲಿ ಅವರು ಮುಂಬೈಗೆ ಹೋಗುವ ಪ್ರಯಾಣಿಕ, ಅಷ್ಟೇ. ತಡವಾಗಿಯಾದರೂ ಮುಟ್ಟಿಸಿದರು, ಅವರ ಕೆಲಸ ಮುಗಿಯಿತು. ಮುಂಬೈಯ ಕಂಪೆನಿಯ ಲೆಕ್ಕದಲ್ಲಿ ಅವರು ಹೇಳದೆ ಕೇಳದೆ ಬಾರದೆ ಉಳಿದ ಪ್ರಯಾಣಿಕ. ಮಂಗಳೂರಿನ ಮಳೆ ಅವರಿಗೆ ಸಂಬಂಧವೇ ಇಲ್ಲ. ಕೌಂಟರಿನಲ್ಲಿ ಎಷ್ಟು ಕೂಗಾಡಿದರೂ ಪ್ರಯೋಜನ ಇಲ್ಲ, ಏಕೆಂದರೆ ಕಾಗದದ ಮೇಲೆ ಎರಡೂ ಕಡೆಯವರದು ಸರಿ. ಇದೇ ನಾಲ್ಕು ವಿಮಾನ ಒಂದೇ ಪಿಎನ್‌ಆರ್‌ನಲ್ಲಿ ಇದ್ದಿದ್ದರೆ ಮುಂದಿನ ವಿಮಾನದಲ್ಲಿ ಸೀಟು ಹುಡುಕಿ ಕೊಡುವುದು ಕಂಪೆನಿಯ ತಲೆನೋವು.

ಮುಂಬೈಯ 3 ಗಂಟೆಯ ಲೆಕ್ಕವನ್ನೂ ನೋಡಿ. ಕೇಳಲು ಜಾಸ್ತಿ ಅನಿಸುತ್ತದೆ, ಅಲ್ವಾ? ವಿಮಾನ ಇಳಿದು, ಬಾಗಿಲು ತೆಗೆದು, ಬೆಲ್ಟಿನಲ್ಲಿ ಪೆಟ್ಟಿಗೆ ಬರುವಾಗ ಮುಕ್ಕಾಲು ಗಂಟೆ. ಟಿಕೆಟ್ ಬೇರೆ ಬೇರೆಯಾದ್ದರಿಂದ ಪೆಟ್ಟಿಗೆ ನೀವೇ ಎತ್ತಿಕೊಳ್ಳಬೇಕು. ದೇಶದೊಳಗಿನ ಕೆಲವು ವಿಮಾನಗಳು ಇಳಿಯುವುದು ಟರ್ಮಿನಲ್ 1ರಲ್ಲಿ, ವಿದೇಶದ್ದು ಹೊರಡುವುದು ಟರ್ಮಿನಲ್ 2ರಿಂದ. ಎರಡರ ನಡುವೆ ಒಳಗಿನಿಂದ ನಡೆದು ಹೋಗುವ ದಾರಿ ಇಲ್ಲ, ಹೊರಗೆ ಬಂದು ಮುಂಬೈ ರಸ್ತೆಯಲ್ಲೇ ಹೋಗಬೇಕು. ವಿದೇಶಿ ವಿಮಾನದ ಕೌಂಟರ್ ಹೊರಡುವ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಇಷ್ಟೆಲ್ಲ ಕಳೆದರೆ ಉಳಿಯುವುದು ಅರ್ಧ ಗಂಟೆ. ಮಂಗಳೂರಿನಲ್ಲಿ ಒಂದು ಮಳೆ ಹೊಡೆದರೆ ಅದೂ ಹೋಯಿತು. ಈಗ ನವಿ ಮುಂಬೈಯಲ್ಲೂ ವಿಮಾನ ನಿಲ್ದಾಣ ಶುರುವಾಗಿದೆ. ಟಿಕೆಟಿನಲ್ಲಿ ಬರೀ "ಮುಂಬೈ" ಎಂದು ಓದಿ ಸುಮ್ಮನಾಗಬೇಡಿ. ಹಳೆಯದರ ಕೋಡ್ ಬಿಒಎಂ, ಹೊಸತರದ್ದು ಎನ್‌ಎಂಐ. ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತುವ ಟಿಕೆಟ್ ಆದರೆ ಆ ದಿನದ ಕಥೆ ಮುಗಿದ ಹಾಗೆ.

ಇನ್ನೊಂದು ಖರ್ಚು ಅಳಿಯನ ಲೆಕ್ಕದಲ್ಲಿ ಬಂದಿರಲಿಕ್ಕಿಲ್ಲ. ಅಮೆರಿಕಕ್ಕೆ ಹೋಗುವ ಟಿಕೆಟಿನಲ್ಲಿ ಸಾಮಾನ್ಯವಾಗಿ ತಲಾ 23 ಕಿಲೋದ ಎರಡು ಪೆಟ್ಟಿಗೆ ಬಿಡುತ್ತಾರೆ. ದೇಶದೊಳಗಿನ ಪ್ರತ್ಯೇಕ ಟಿಕೆಟಿನಲ್ಲಿ ಸಿಗುವುದು ಹೆಚ್ಚಾಗಿ 15 ಕಿಲೋ. ಬಾಣಂತಿಗೆಂದು ಕಟ್ಟಿದ ಸಾಮಾನು 15 ಕಿಲೋದಲ್ಲಿ ನಿಲ್ಲುವುದುಂಟೇ? ಮಂಗಳೂರಿನ ಕೌಂಟರಿನಲ್ಲೇ ಹೆಚ್ಚುವರಿ ತೂಕಕ್ಕೆ ದುಡ್ಡು ಕಟ್ಟಿದರೆ ಉಳಿತಾಯದ ದೊಡ್ಡ ಪಾಲು ಅಲ್ಲೇ ಖಾಲಿ. ಒಂದೇ ಟಿಕೆಟ್ ಆಗಿದ್ದರೆ ದೂರದ ವಿಮಾನದ ತೂಕವೇ ಮೊದಲಿನಿಂದ ಕೊನೆಯವರೆಗೆ ನಡೆಯುತ್ತದೆ.

ಷಿಕಾಗೊದ 1 ಗಂಟೆ 50 ನಿಮಿಷ ನನಗೆ ಮುಂಬೈಗಿಂತ ಹೆಚ್ಚು ಭಯ ಹುಟ್ಟಿಸುತ್ತದೆ. ಅಮೆರಿಕದಲ್ಲಿ ಒಂದು ನಿಯಮ ಇದೆ. ಮೊದಲು ಇಳಿದ ಊರಿನಲ್ಲೇ ಇಮಿಗ್ರೇಷನ್ ಆಗಬೇಕು, ಅಲ್ಲೇ ಪೆಟ್ಟಿಗೆ ಎತ್ತಿಕೊಂಡು ಕಸ್ಟಮ್ಸ್ ದಾಟಬೇಕು, ಆಮೇಲೆ ಮತ್ತೆ ಒಪ್ಪಿಸಬೇಕು. ಪೆಟ್ಟಿಗೆಯ ಚೀಟಿಯಲ್ಲಿ ಮ್ಯಾಡಿಸನ್ ಎಂದೇ ಇದ್ದರೂ ಇದು ತಪ್ಪುವುದಿಲ್ಲ. ಷಿಕಾಗೊ ಓಹೇರ್‌ನಲ್ಲಿ ಹೆಚ್ಚಿನ ವಿದೇಶಿ ವಿಮಾನಗಳು ಬರುವುದು ಟರ್ಮಿನಲ್ 5ಕ್ಕೆ. ಮ್ಯಾಡಿಸನ್‌ಗೆ ಹೋಗುವ ಸಣ್ಣ ವಿಮಾನ ಬೇರೆ ಟರ್ಮಿನಲ್‌ನಿಂದ. ನಡುವೆ ರೈಲು ಹತ್ತಬೇಕು, ಮತ್ತೆ ಸೆಕ್ಯುರಿಟಿಯಲ್ಲಿ ನಿಲ್ಲಬೇಕು. ಇಮಿಗ್ರೇಷನ್ ಸಾಲು ಒಂದು ದಿನ 20 ನಿಮಿಷ, ಇನ್ನೊಂದು ದಿನ ಎರಡು ಗಂಟೆ.

ಹಾಗಾದರೆ ಇಷ್ಟು ಕಡಿಮೆ ಸಮಯದ ಟಿಕೆಟನ್ನು ಮಾರುವುದೇಕೆ ಎಂದು ಕೇಳಬಹುದು. ಪ್ರತಿ ವಿಮಾನ ನಿಲ್ದಾಣಕ್ಕೂ ವಿಮಾನ ಬದಲಿಸಲು ಇಷ್ಟು ನಿಮಿಷ ಸಾಕು ಎಂಬ ಕನಿಷ್ಠ ಸಮಯವೊಂದು ಇರುತ್ತದೆ. ಅದಕ್ಕಿಂತ ಒಂದು ನಿಮಿಷ ಜಾಸ್ತಿ ಇದ್ದರೂ ಕಂಪ್ಯೂಟರ್ ಟಿಕೆಟ್ ಮಾಡಿ ಕೊಡುತ್ತದೆ. ಆ ಲೆಕ್ಕದಲ್ಲಿ ವಿಮಾನ ಸರಿಯಾದ ಹೊತ್ತಿಗೆ ಬಂದಿರುತ್ತದೆ, ಪ್ರಯಾಣಿಕನಿಗೆ ದಾರಿ ಗೊತ್ತಿರುತ್ತದೆ, ಕಾಲೂ ಗಟ್ಟಿ ಇರುತ್ತದೆ. ಮೊಣಕಾಲು ನೋವಿನವರಿಗೆ ಅದರ ಎರಡರಷ್ಟು ಬೇಕು. ಅಮೆರಿಕದಲ್ಲಿ ವಿಮಾನ ಬದಲಿಸಲೇಬೇಕಾದರೆ ಮೂರೂವರೆ ಗಂಟೆಗಿಂತ ಕಡಿಮೆ ನಾನು ಯಾರಿಗೂ ಹೇಳುವುದಿಲ್ಲ.

ಈಗ ನನ್ನ ಸಲಹೆ. ನಾಲ್ಕು ವಿಮಾನವನ್ನು ಎರಡಕ್ಕೆ ಇಳಿಸಿ.

ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ವಿಮಾನ ನಿಲ್ದಾಣ ಇಲ್ಲ. ಹತ್ತಿರದ್ದು ಮಂಗಳೂರು, ಈಚೆಗೆ 2018ರ ಡಿಸೆಂಬರ್‌ನಿಂದ ಕಣ್ಣೂರು. ಎರಡರಿಂದಲೂ ಗಲ್ಫ್‌ಗೆ ವಿಮಾನ ಇದೆ, ಆದರೆ ಹಾರುವುದು ನಮ್ಮ ದೇಶದ ಕಂಪೆನಿಗಳು ಮಾತ್ರ. ಅಮೆರಿಕ, ಯುರೋಪಿಗೆ ಮುಂದುವರಿಸುವ ದೊಡ್ಡ ವಿದೇಶಿ ಕಂಪೆನಿಗಳು ಇಲ್ಲಿಗೆ ಬರುವುದಿಲ್ಲ. ಅವು ಬರುವುದು ಬೆಂಗಳೂರು, ಕೊಚ್ಚಿಗೆ. ಹಾಗಾಗಿ ಮನೆಗೆ ಹತ್ತಿರ ಎಂದು ಮಂಗಳೂರಿನಿಂದ ಶುರು ಮಾಡಿದರೆ ಹೆಚ್ಚಿನ ಸಲ ಒಂದು ವಿಮಾನ ಸುಮ್ನೆ ಜಾಸ್ತಿ ಆಗುತ್ತದೆ. ಗಲ್ಫ್‌ಗೆ ಹೋಗಿ ಬಂದ ಅನುಭವ ಇರುವ ನೆಂಟರು "ಮಂಗಳೂರಿನಿಂದ ಅಬುಧಾಬಿಗೆ ಒಂದು ಟಿಕೆಟ್ ತೆಗೆ, ಅಲ್ಲಿಂದ ಇನ್ನೊಂದು" ಎಂದು ಸಲಹೆ ಕೊಡುತ್ತಾರೆ. ಅದೂ ಭಾವನ ಕಥೆಯೇ. ಪೆಟ್ಟಿಗೆ ತೆಗೆದುಕೊಳ್ಳಲು ಆ ದೇಶದ ಒಳಗೆ ಕಾಲಿಡಬೇಕಾಗುತ್ತದೆ, ಅಲ್ಲಿಯ ವೀಸಾದ ವಿಚಾರವೂ ಬರುತ್ತದೆ.

ಬೆಂಗಳೂರು–ಅಬುಧಾಬಿ–ಷಿಕಾಗೊ ಒಂದೇ ಟಿಕೆಟಿನಲ್ಲಿ ನೋಡಿ. ಅಬುಧಾಬಿಯಲ್ಲಿ 2014ರಿಂದ ಒಂದು ಅನುಕೂಲ ಇದೆ. ಅಮೆರಿಕದ ಇಮಿಗ್ರೇಷನ್ ಮತ್ತು ಕಸ್ಟಮ್ಸ್ ಅಧಿಕಾರಿಗಳು ಅಲ್ಲೇ ಕೂತಿದ್ದಾರೆ. ತಪಾಸಣೆ ಎಲ್ಲ ಅಲ್ಲಿಯೇ ಮುಗಿಯುತ್ತದೆ. ಷಿಕಾಗೊದಲ್ಲಿ ನೀವು ಇಳಿಯುವುದು ಮುಂಬೈಯಿಂದ ಮಂಗಳೂರಿಗೆ ಬಂದವರು ಇಳಿದ ಹಾಗೆ, ಪೆಟ್ಟಿಗೆ ಎತ್ತಿ ಹೊರಗೆ ಬಂದರಾಯಿತು. ಹದಿನಾಲ್ಕು ಗಂಟೆ ಕೂತು ಕಾಲು ಮರಗಟ್ಟಿದ ಮೇಲೆ ಸಾಲಿನಲ್ಲಿ ನಿಲ್ಲುವುದಕ್ಕಿಂತ, ನಾಲ್ಕು ಗಂಟೆಯ ವಿಮಾನ ಇಳಿದು ನಿಲ್ಲುವುದು ಎಷ್ಟೋ ವಾಸಿ. ಒಂದೇ ಷರತ್ತು: ಅಬುಧಾಬಿಯಲ್ಲಿ ಕನಿಷ್ಠ 3 ಗಂಟೆ ಇರಬೇಕು, 4 ಇದ್ದರೆ ನೆಮ್ಮದಿ.

ಗಲ್ಫ್ ದಾರಿ ಬೇಡ ಅನಿಸುವವರೂ ಇದ್ದಾರೆ. 2024ರ ಏಪ್ರಿಲ್ 16ರ ಮಳೆಗೆ ದುಬೈ ವಿಮಾನ ನಿಲ್ದಾಣ ನೀರಲ್ಲಿ ನಿಂತಿತು. 2025ರ ಜೂನ್ 23ರಂದು ಕತಾರ್ ಕೆಲವು ಗಂಟೆ ಆಕಾಶವನ್ನೇ ಮುಚ್ಚಿತು. ಹೊರಡುವ ಹೊತ್ತಿನ ಸುದ್ದಿ ನೋಡಿ ನಿರ್ಧರಿಸಿ. ಬದಲಿಗೆ ಬೆಂಗಳೂರು–ಫ್ರಾಂಕ್‌ಫರ್ಟ್–ಷಿಕಾಗೊ ಅಥವಾ ಬೆಂಗಳೂರು–ಲಂಡನ್–ಷಿಕಾಗೊ ಇದೆ. ಪಾಸ್‌ಪೋರ್ಟಿನಲ್ಲಿ ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇರುವವರಿಗೆ ಅಲ್ಲಿ ಒಳಗಿಂದೊಳಗೆ ವಿಮಾನ ಬದಲಿಸಲು ಬೇರೆ ಟ್ರಾನ್ಸಿಟ್ ವೀಸಾ ಬೇಕಾಗಿಲ್ಲ. ಆದರೆ ಯುರೋಪಿನಲ್ಲಿ ಎರಡು ಕಡೆ ಇಳಿಯುವ ಟಿಕೆಟ್ ಬೇಡ. ಪ್ಯಾರಿಸ್‌ನಲ್ಲಿ ಇಳಿದು ಆಮ್ಸ್ಟರ್‌ಡ್ಯಾಮ್‌ಗೆ ಹೋಗಿ ಅಲ್ಲಿಂದ ಅಮೆರಿಕ ಎಂದಿಟ್ಟುಕೊಳ್ಳಿ. ಪ್ಯಾರಿಸ್‌ನಲ್ಲೇ ನೀವು ಷೆಂಗೆನ್ ಗಡಿಯ, ಅಂದರೆ ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪಿನ, ಒಳಗೆ ಬಂದ ಹಾಗಾಯಿತು. ಅದಕ್ಕೆ ಷೆಂಗೆನ್ ವೀಸಾ ಬೇಕು, ಅಮೆರಿಕದ ವೀಸಾ ಸಾಲದು. ಟಿಕೆಟ್ ಮಾರುವ ಆ್ಯಪ್ ಇದನ್ನು ಹೇಳುವುದಿಲ್ಲ. ಹೇಳುವುದು ಬೆಂಗಳೂರಿನ ಚೆಕ್-ಇನ್ ಕೌಂಟರಿನವರು, ಅದೂ ಹೊರಡುವ ರಾತ್ರಿ.

ಷಿಕಾಗೊದಿಂದ ಮ್ಯಾಡಿಸನ್‌ಗೆ ವಿಮಾನವೇ ಬೇಡ. ಕಾರಿನಲ್ಲಿ ಸುಮಾರು ಎರಡೂವರೆ ಗಂಟೆ. ಓಹೇರ್‌ನಿಂದ ಬಸ್ಸೂ ಇದೆ. ಅಳಿಯ ಕಾರು ತಂದು ಬಾಗಿಲಲ್ಲಿ ನಿಂತರೆ ನಿಮ್ಮ ಅರ್ಧ ಆತಂಕ ಅಲ್ಲಿಗೇ ಮುಗಿಯಿತು. ಆದರೆ ಒಂದು ಎಚ್ಚರ. ಟಿಕೆಟ್ ಷಿಕಾಗೊದವರೆಗೆ ಮಾತ್ರ ತೆಗೆಯಿರಿ. ಮ್ಯಾಡಿಸನ್‌ವರೆಗೆ ತೆಗೆದು ಷಿಕಾಗೊದಲ್ಲೇ ಇಳಿದು ಹೋದರೆ ಕಂಪ್ಯೂಟರ್ ನಿಮ್ಮನ್ನು ಗೈರುಹಾಜರಿ ಎಂದು ಬರೆದುಕೊಂಡು ಮುಂದಿನದೆಲ್ಲ ರದ್ದು ಮಾಡುತ್ತದೆ, ವಾಪಸ್ ಬರುವ ಟಿಕೆಟ್ ಕೂಡ.

ಊರಿನ ಕಡೆಯಲ್ಲೂ ಇದೇ ನಿಯಮ. ಮಂಗಳೂರಿನಿಂದ ಟಿಕೆಟ್ ತೆಗೆದವರು "ಹೇಗೂ ಬೆಂಗಳೂರಿಗೆ ಮದುವೆಗೆ ಹೋಗಿದ್ದೇವೆ, ಅಲ್ಲಿಂದಲೇ ಹತ್ತೋಣ" ಎಂದರೆ ಆಗುವುದಿಲ್ಲ. ಮೊದಲ ವಿಮಾನ ಬಿಟ್ಟರೆ ಉಳಿದದ್ದೂ ಹೋಯಿತು. ಇದನ್ನು ನಮ್ಮವರಿಗೆ ನಂಬಿಸುವುದೇ ಕಷ್ಟ. ದುಡ್ಡು ಕೊಟ್ಟಾಗಿದೆ, ಒಂದು ಸ್ಟಾಪು ಮುಂದೆ ಹತ್ತಿದರೆ ಅವರಿಗೇನು ನಷ್ಟ ಎಂದು ಕೇಳುತ್ತಾರೆ. ಬಸ್ಸಿನಲ್ಲಿ ನಡೆಯುತ್ತದೆ. ಇಲ್ಲಿ ನಡೆಯುವುದಿಲ್ಲ.

ಬೆಂಗಳೂರಿಗೆ ಹೋಗುವುದು ಹೇಗೆ? ಕಣ್ಣೂರು–ಬೆಂಗಳೂರು ರೈಲನ್ನು ಸಂಜೆ ಕಾಸರಗೋಡಿನಲ್ಲಿ ಹತ್ತಿದರೆ ಮಂಗಳೂರು, ಸುಬ್ರಹ್ಮಣ್ಯ, ಸಕಲೇಶಪುರ ದಾಟಿ ಬೆಳಗ್ಗೆ ಬೆಂಗಳೂರು. ಕೆಳಗಿನ ಬರ್ತ್ ಸಿಕ್ಕಿದರೆ ಮನೆಯವರಿಗೆ ವಿಮಾನಕ್ಕಿಂತ ಇದೇ ಹಿತ. ಆದರೆ ಘಾಟಿಯನ್ನು ನಂಬಿ ಅದೇ ದಿನದ ವಿಮಾನ ಇಟ್ಟುಕೊಳ್ಳಬೇಡಿ. 2024ರ ಜುಲೈ ಕೊನೆಯಲ್ಲಿ ಯಡಕುಮೇರಿ ಬಳಿ ಹಳಿಯ ಕೆಳಗಿನ ಮಣ್ಣು ಜಾರಿ ಈ ದಾರಿಯ ರೈಲುಗಳೇ ನಿಂತಿದ್ದವು. ಸೆಪ್ಟೆಂಬರ್‌ನಲ್ಲಿ ಮಳೆ ಪೂರ್ತಿ ಬಿಟ್ಟಿರುವುದಿಲ್ಲ. ಮಂಗಳೂರು–ಬೆಂಗಳೂರು ವಿಮಾನವೇ ಬೇಕೆಂದರೆ ಅದಕ್ಕೂ ಒಂದು ದಿನದ ಎಡೆ ಇರಲಿ. 2025ರ ಡಿಸೆಂಬರ್ ಮೊದಲ ವಾರ ದೇಶದೊಳಗಿನ ಸಾವಿರಾರು ವಿಮಾನ ರದ್ದಾದಾಗ, ಅದೇ ದಿನ ಮುಂದಿನ ವಿಮಾನ ಹಿಡಿಯಬೇಕಿದ್ದವರ ಪಾಡು ಟಿ.ವಿ.ಯಲ್ಲಿ ನೋಡಿದ್ದೀರಿ. ಬೆಂಗಳೂರಿನಲ್ಲಿ ನಿಮಗೆ ಒಬ್ಬರಾದರೂ ನೆಂಟರು ಇದ್ದೇ ಇರುತ್ತಾರೆ. ಅವರ ಮನೆಯಲ್ಲಿ ಒಂದು ಹಗಲು ಮಲಗಿ ಎದ್ದು ಹೊರಡಿ. ಮೆಜೆಸ್ಟಿಕ್ ಕಡೆಯಿಂದ ದೇವನಹಳ್ಳಿಗೆ ಒಂದೂವರೆ ಎರಡು ಗಂಟೆ ಹಿಡಿಯುತ್ತದೆ. ವಿದೇಶಿ ವಿಮಾನಗಳು ಈಗ ಟರ್ಮಿನಲ್ 2ರಿಂದ.

ದಿನಾಂಕದ ಬಗ್ಗೆ ಒಂದು ಮಾತು, ಇಲ್ಲಿ ಓದು ಬಲ್ಲವರೂ ಮೋಸ ಹೋಗುತ್ತಾರೆ. ವಿದೇಶಿ ವಿಮಾನಗಳು ಹೆಚ್ಚಾಗಿ ನಡುರಾತ್ರಿಯ ಮೇಲೆ ಹೊರಡುತ್ತವೆ. ಟಿಕೆಟಿನಲ್ಲಿ ಸೆಪ್ಟೆಂಬರ್ 20, 02:15 ಎಂದಿದ್ದರೆ ನೀವು ವಿಮಾನ ನಿಲ್ದಾಣದಲ್ಲಿ ಇರಬೇಕಾದದ್ದು 19ರ ರಾತ್ರಿ ಹತ್ತೂವರೆಗೆ. ಕಾಸರಗೋಡಿನಲ್ಲಿ ರೈಲು ಹತ್ತಬೇಕಾದದ್ದು 18ರ ಸಂಜೆ. 20ರ ರಾತ್ರಿ ಊಟ ಮುಗಿಸಿ ಹೊರಟರೆ ವಿಮಾನ ಹೋಗಿ ಒಂದು ದಿನ ಆಗಿರುತ್ತದೆ. ಕ್ಯಾಲೆಂಡರಿನಲ್ಲಿ ವಿಮಾನದ ದಿನಾಂಕ ಬರೆಯಬೇಡಿ, ಮನೆಯಿಂದ ಹೊರಡುವ ದಿನಾಂಕ ಬರೆಯಿರಿ.

ಇನ್ನು ವೀಲ್‌ಚೇರ್. ಕೆಲವರಿಗೆ ಮರ್ಯಾದೆ ಪ್ರಶ್ನೆ. ನಿಮ್ಮ ಮನೆಯವರು "ನಾನು ನಡೆಯುತ್ತೇನೆ" ಎನ್ನಬಹುದು. ಅವರು ಮನೆಯಂಗಳದ ಲೆಕ್ಕದಲ್ಲಿ ಹೇಳುತ್ತಾರೆ. ಅಬುಧಾಬಿಯಲ್ಲೋ ಲಂಡನ್‌ನಲ್ಲೋ ಒಂದು ಗೇಟಿನಿಂದ ಇನ್ನೊಂದಕ್ಕೆ ಒಂದು ಕಿಲೋಮೀಟರಿಗೂ ಜಾಸ್ತಿ ನಡೆಯಬೇಕಾಗಬಹುದು, ಕೈಯಲ್ಲಿ ಚೀಲ ಹಿಡಿದು, ನಿದ್ದೆಗೆಟ್ಟು. ಮೊಣಕಾಲು ನೋವು ಇರುವವರಿಗೆ ವೀಲ್‌ಚೇರ್ ಕೇಳುವ ಹಕ್ಕಿದೆ, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಟಿಕೆಟ್ ಮಾಡುವಾಗಲೇ ಹೇಳಿ. ಹೊರಡುವ 48 ಗಂಟೆ ಮೊದಲು ಫೋನ್ ಮಾಡಿ ಎರಡೂ ವಿಮಾನಕ್ಕೆ ದಾಖಲಾಗಿದೆಯೇ ಎಂದು ಕೇಳಿ. ಮೊದಲನೆಯದಕ್ಕೆ ಮಾತ್ರ ಬರೆದು ಎರಡನೆಯದನ್ನು ಬಿಡುವುದು ಸಾಮಾನ್ಯ. ಮೂರು ಬಗೆ ಇದೆ: ಮೆಟ್ಟಿಲು ಹತ್ತಬಲ್ಲೆ, ದೂರ ನಡೆಯಲಾರೆ ಎಂಬುದು ಒಂದು. ಮೆಟ್ಟಿಲೂ ಆಗದು ಎಂಬುದು ಇನ್ನೊಂದು. ಸೀಟಿನವರೆಗೂ ಕರೆದೊಯ್ಯಬೇಕು ಎಂಬುದು ಮೂರನೆಯದು. ಮೆಟ್ಟಿಲು ಕಷ್ಟ ಆದರೆ ಎರಡನೆಯದನ್ನೇ ಹೇಳಿ. ಇಲ್ಲದಿದ್ದರೆ ಬಸ್ಸಿನಿಂದ ಇಳಿಸಿ ವಿಮಾನದ ಏಣಿ ಹತ್ತಿ ಅನ್ನುತ್ತಾರೆ.

ವೀಲ್‌ಚೇರ್‌ನವರನ್ನು ದೊಡ್ಡ ನಿಲ್ದಾಣಗಳಲ್ಲಿ ಒಂದು ಕಡೆ ಕೂರಿಸಿ, ನಾಲ್ಕೈದು ಜನರನ್ನು ಒಟ್ಟಿಗೆ ಕರೆದೊಯ್ಯುತ್ತಾರೆ. ಅಲ್ಲಿ ಕೂತಾಗ ಸುಮ್ಮನಿರಬೇಡಿ. ಹೊರಡುವ ಒಂದೂವರೆ ಗಂಟೆ ಮೊದಲು ಎದ್ದು ಹೋಗಿ ಬೋರ್ಡಿಂಗ್ ಪಾಸ್ ತೋರಿಸಿ ನೆನಪಿಸಿ. ಗೇಟು ಹೊರಡುವ 15–20 ನಿಮಿಷ ಮೊದಲೇ ಮುಚ್ಚುತ್ತದೆ. ಟಾಯ್ಲೆಟ್ಟಿಗೆ ಹೋಗಬೇಕಾದರೆ ತಳ್ಳುವವರಿಗೆ ಮುಂಚೆಯೇ ಹೇಳಬೇಕು, ನಾಚಿಕೊಂಡು ಕೂತು ಸಂಕಟಪಟ್ಟವರು ಬೇಕಾದಷ್ಟು ಜನ ಇದ್ದಾರೆ. ಇಬ್ಬರ ಪಾಸ್‌ಪೋರ್ಟ್, ಪಾಸ್ ಎಲ್ಲ ನಿಮ್ಮ ಒಬ್ಬರ ಕೈಯಲ್ಲಿ ಬೇಡ. ಅವರವರದ್ದು ಅವರವರಲ್ಲಿ ಇರಲಿ. ಕೆಲವು ಕಡೆ ವೀಲ್‌ಚೇರ್ ಸಾಲು ಬೇರೆ, ನಡೆಯುವವರ ಸಾಲು ಬೇರೆ.

ಇಂಗ್ಲಿಷಿನ ಹಿಂಜರಿಕೆ ಬಿಡಿ. ನಮ್ಮ ಗಡಿನಾಡಿನವರಿಗೆ ಒಂದು ಲಾಭ ಇದೆ, ಬೆಂಗಳೂರಿನವರಿಗೂ ಇಲ್ಲದ್ದು. ಗಲ್ಫ್‌ನ ಯಾವುದೇ ವಿಮಾನ ನಿಲ್ದಾಣದಲ್ಲಿ ಮಲಯಾಳ ಬಲ್ಲವರು ಸಿಕ್ಕೇ ಸಿಗುತ್ತಾರೆ. ವೀಲ್‌ಚೇರ್ ತಳ್ಳುವವರು, ಅಂಗಡಿಯವರು, ಸ್ವಚ್ಛತೆಯವರು, ಕೌಂಟರಿನವರು. ಶಾಲೆಯಲ್ಲಿ, ಪಂಚಾಯತ್ ಆಫೀಸಿನಲ್ಲಿ ಮಲಯಾಳದ ವಿಷಯಕ್ಕೆ ನಾವು ಪಟ್ಟ ಕಿರಿಕಿರಿ ಒಂದು ಕಡೆ ಇರಲಿ, ಅಬುಧಾಬಿಯಲ್ಲಿ ಅದೇ ಕೈಹಿಡಿಯುತ್ತದೆ. "ಚೇಟಾ" ಎಂದು ಕರೆದು ಗೇಟು ಕೇಳಿ ನೋಡಿ. ಅಮೆರಿಕದ ಅಧಿಕಾರಿಯ ಮುಂದೆ ಇಂಗ್ಲಿಷ್ ತೊಡರಿದರೆ ದುಭಾಷಿ ಬೇಕು ಎನ್ನಬಹುದು. ಮಗಳ ಮನೆಗೆ ಬಂದಿದ್ದೇವೆ, ಇಷ್ಟು ದಿನ ಇರುತ್ತೇವೆ, ವಾಪಸ್ ಟಿಕೆಟ್ ಇದೆ. ಇಷ್ಟನ್ನು ಮಗಳ ವಿಳಾಸ, ಫೋನ್ ನಂಬರಿನೊಂದಿಗೆ ಒಂದು ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಳ್ಳಿ. ಹಾಳೆಯೇ ಆಗಲಿ, ಫೋನ್ ಸಾಲದು. ಹೊರದೇಶದ ವೈಫೈ ಕೆಲವು ಕಡೆ ಒಟಿಪಿ ಕೇಳುತ್ತದೆ, ರೋಮಿಂಗ್ ಇಲ್ಲದಿದ್ದರೆ ಒಟಿಪಿ ಬರುವುದೇ ಇಲ್ಲ. ಒಂದು ಫೋನಿಗಾದರೂ ರೋಮಿಂಗ್ ಪ್ಯಾಕ್ ಹಾಕಿಸಿ.

ಊಟ ಸಸ್ಯಾಹಾರ ಆಗಬೇಕಾದರೆ ಟಿಕೆಟ್ ಮಾಡುವಾಗ ಎವಿಎಂಎಲ್ ಎಂಬ ಊಟ ಹೇಳಿ. ಪಟ್ಟಿಯಲ್ಲಿ "ಹಿಂದೂ ಮೀಲ್" ಎಂದೂ ಕಾಣುತ್ತದೆ. ಅದನ್ನು ಹೇಳಿದರೆ ಕೋಳಿ ಬರಬಹುದು! ಅದರಲ್ಲಿ ದನ ಇರುವುದಿಲ್ಲ ಎಂಬುದಷ್ಟೇ ಖಾತ್ರಿ.

ಪೆಟ್ಟಿಗೆಯ ವಿಷಯಕ್ಕೆ ಬರೋಣ. ನಮ್ಮವರು ಕಟ್ಟುವ ಮೊದಲ ಸಾಮಾನು ಕೊಬ್ಬರಿ. ಅದನ್ನು ಬಿಟ್ಟು ಹೋಗಿ. ಒಣ ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ತಾನಾಗಿಯೇ ಬಿಸಿಯಾಗಿ ಬೆಂಕಿ ಹತ್ತಬಹುದು ಎಂದು ವಿಮಾನದ ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿ ಅದು ಇದೆ. ಸ್ಕ್ಯಾನರಿನಲ್ಲಿ ಕಂಡರೆ ಪೆಟ್ಟಿಗೆ ತೆರೆಸುತ್ತಾರೆ, ಕೆಲವೊಮ್ಮೆ ಪೆಟ್ಟಿಗೆ ಅಲ್ಲೇ ಉಳಿಯುತ್ತದೆ. ಕರಿಬೇವು ಬೇಡ, ನಿಂಬೆ ಜಾತಿಯ ಗಿಡಗಳ ರೋಗ ಬರುತ್ತದೆಂದು ಅಮೆರಿಕದಲ್ಲಿ ತಡೆಯುತ್ತಾರೆ. ತಾಜಾ ಹಣ್ಣು, ಗೆಡ್ಡೆಯೂ ಬೇಡ. ಹಲಸಿನ ಹಪ್ಪಳ ಧಾರಾಳ ಒಯ್ಯಿರಿ. ಮಾವಿನ ಮಿಡಿ ಉಪ್ಪಿನಕಾಯಿ, ತೆಂಗಿನೆಣ್ಣೆ, ಬಾಣಂತಿ ಲೇಹ್ಯ, ಮೈಗೆ ಹಚ್ಚುವ ತೈಲ ಎಲ್ಲ ಒಪ್ಪಿಸುವ ಪೆಟ್ಟಿಗೆಗೆ. ಲೇಹ್ಯ, ತೈಲ ಮನೆಯ ಬಾಟಲಿಯಲ್ಲಿ ಬೇಡ, ಲೇಬಲ್ ಇರುವ ಸೀಲ್ ಡಬ್ಬಿಯೇ ಇರಲಿ. ತಿನ್ನುವ ವಸ್ತು ಇದೆಯೇ ಎಂದು ಅಧಿಕಾರಿ ಕೇಳಿದರೆ ಇದೆ ಎಂದೇ ಹೇಳಿ. ಇದ್ದದ್ದಕ್ಕೆ ಹೆಚ್ಚೆಂದರೆ ತೆಗೆದು ಎಸೆಯುತ್ತಾರೆ, ಮುಚ್ಚಿಟ್ಟದ್ದಕ್ಕೆ ದಂಡ. ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಬೇಕು.

ನಾಲ್ಕು ಪೆಟ್ಟಿಗೆಯಲ್ಲೂ ಇಬ್ಬರ ಬಟ್ಟೆ ಹಂಚಿ ಹಾಕಿ. ಒಂದು ಬಾರದಿದ್ದರೂ ಇಬ್ಬರಿಗೂ ಉಡಲು ಇರುತ್ತದೆ. ಮಾತ್ರೆಗಳು ಪೂರ್ತಿ ಕೈಚೀಲದಲ್ಲಿ, ಡಾಕ್ಟರ ಚೀಟಿಯ ಜೊತೆ. ಮ್ಯಾಡಿಸನ್ ನಮಗಿಂತ ಬೇಸಿಗೆಯಲ್ಲಿ ಹತ್ತೂವರೆ, ಚಳಿಗಾಲದಲ್ಲಿ ಹನ್ನೊಂದೂವರೆ ಗಂಟೆ ಹಿಂದೆ. ಬಿ.ಪಿ., ಶುಗರ್ ಮಾತ್ರೆ ದಾರಿಯಲ್ಲಿ ಯಾವ ಹೊತ್ತಿಗೆ ಎಂದು ಹೊರಡುವ ಮೊದಲೇ ಡಾಕ್ಟರನ್ನು ಕೇಳಿ ಬರೆಸಿಕೊಳ್ಳಿ. ಬೆಂಗಳೂರಿನಲ್ಲಿ ಪೆಟ್ಟಿಗೆ ಒಪ್ಪಿಸುವಾಗ ಚೀಟಿಯ ಮೇಲೆ ಓಆರ್‌ಡಿ ಎಂದು ದೊಡ್ಡ ಅಕ್ಷರದಲ್ಲಿ ಇದೆಯೇ ನೋಡಿ. ಅದು ಷಿಕಾಗೊ ಓಹೇರ್. ಬೇರೆ ಏನಾದರೂ ಇದ್ದರೆ ಅಲ್ಲೇ ಕೇಳಿ. ಚೀಟಿಯ ತುಂಡನ್ನು ಕಳೆಯಬೇಡಿ.

ಬುಕಿಂಗ್‌ನಲ್ಲಿ ನಿಮ್ಮದೋ ಮಗಳದೋ ಫೋನ್ ನಂಬರು, ಇಮೇಲ್ ಇರಲೇಬೇಕು. ಪೇಟೆಯ ಏಜೆಂಟ್ ಟಿಕೆಟ್ ಮಾಡಿದರೆ ತನ್ನ ನಂಬರನ್ನೇ ಹಾಕುವುದುಂಟು. ಸಮಯ ಬದಲಾದ ಸಂದೇಶ ಅವನಿಗೆ ಹೋಗುತ್ತದೆ, ಅವನ ಇನ್‌ಬಾಕ್ಸ್‌ನಲ್ಲಿ ಉಳಿಯುತ್ತದೆ. ನಿಮ್ಮ ವಿಷಯದಲ್ಲಿ ಇದು ಖಂಡಿತ ಆಗುವಂಥದ್ದು. ವಿಮಾನಗಳ ಬೇಸಿಗೆ ವೇಳಾಪಟ್ಟಿ ಅಕ್ಟೋಬರ್‌ನ ಕೊನೆಯ ಭಾನುವಾರ ಮುಗಿದು ಚಳಿಗಾಲದ್ದು ಶುರುವಾಗುತ್ತದೆ. ನೀವು ಹೋಗುವುದು ಒಂದರಲ್ಲಿ, ಬರುವುದು ಇನ್ನೊಂದರಲ್ಲಿ. ವಾಪಸ್ ವಿಮಾನದ ಸಮಯ ಹಿಂದೆ ಮುಂದೆ ಆಗಿ ನಡುವಿನ ಎಡೆ ಒಂದು ಗಂಟೆಗೆ ಇಳಿದರೂ ಇಳಿಯಬಹುದು. ತಿಂಗಳಿಗೊಮ್ಮೆ ಕಂಪೆನಿಯ ವೆಬ್‌ಸೈಟಿನಲ್ಲಿ ಪಿಎನ್‌ಆರ್ ಹಾಕಿ ನೋಡಲು ಮಗಳಿಗೆ ಹೇಳಿ. ಕಂಪೆನಿಯೇ ಸಮಯ ಬದಲಿಸಿದ್ದರೆ ಬೇರೆ ವಿಮಾನಕ್ಕೆ ಹಾಕಿಕೊಡಿ ಎಂದು ಕೇಳಬಹುದು, ಸಾಮಾನ್ಯವಾಗಿ ಹೆಚ್ಚುವರಿ ದುಡ್ಡಿಲ್ಲದೆ ಕೊಡುತ್ತಾರೆ.

ಇಷ್ಟೆಲ್ಲ ಮಾಡಿದರೂ ವಿಮಾನ ತಪ್ಪಬಹುದು. ಆಗ ಹೊರಗೆ ಹೋಗಬೇಡಿ, ಹೊಸ ಟಿಕೆಟ್ ಕೊಳ್ಳಬೇಡಿ. ಕಂಪೆನಿಯ ಟ್ರಾನ್ಸ್‌ಫರ್ ಡೆಸ್ಕ್‌ಗೆ ಹೋಗಿ. ಸಾಲಿನಲ್ಲಿ ನಿಂತಿರುವಾಗಲೇ ಮಗಳು ಅಲ್ಲಿಂದ ಕಂಪೆನಿಗೆ ಫೋನ್ ಮಾಡಲಿ. ಎಷ್ಟೋ ಸಲ ಫೋನಿನಲ್ಲೇ ಬೇಗ ಆಗುತ್ತದೆ. ರಾತ್ರಿ ಉಳಿಯಬೇಕಾದರೆ ಊಟ, ಹೋಟೆಲ್ ಕೇಳಿ. ಕೇಳದವರಿಗೆ ಯಾರೂ ಕರೆದು ಕೊಡುವುದಿಲ್ಲ. ತಡವಾದರೆ ತಲಾ 600 ಯೂರೊವರೆಗೆ ಪರಿಹಾರ ಕೊಡಿಸುವ 2004ರ ಯುರೋಪಿನ ಕಾನೂನನ್ನು ನಂಬಿ ಕೂರಬೇಡಿ. ಹೊರಡುವುದು ಬೆಂಗಳೂರು, ಮುಟ್ಟುವುದು ಷಿಕಾಗೊ, ನಡುವೆ ಮಾತ್ರ ಫ್ರಾಂಕ್‌ಫರ್ಟ್ ಇರುವ ಒಂದೇ ಟಿಕೆಟಿಗೆ, ಯುರೋಪಿನ ಕಂಪೆನಿಯಾದರೂ, ಅದು ಬರುವುದಿಲ್ಲ. ಗಲ್ಫ್ ಕಂಪೆನಿಯ ಬೆಂಗಳೂರು–ಅಬುಧಾಬಿ ದಾರಿಗೂ ಈ ಕಾನೂನು ಬರುವುದಿಲ್ಲ.

ಪೆಟ್ಟಿಗೆ ಬಾರದಿದ್ದರೆ ಹೊರಗೆ ಬರುವ ಮೊದಲೇ ಬ್ಯಾಗೇಜ್ ಕೌಂಟರಿನಲ್ಲಿ ಪಿಐಆರ್ ಎಂಬ ದೂರು ಬರೆಸಿ ನಂಬರು ತೆಗೆದುಕೊಳ್ಳಿ. ನಿಮ್ಮ ಭಾವ ಇದನ್ನು ಮಾಡಿದ್ದರೋ ಕೇಳಿ ನೋಡಿ. ನಾಲ್ಕು ದಿನದ ಬಟ್ಟೆ, ಸೋಪು, ಮಾತ್ರೆಯ ಖರ್ಚನ್ನು ಬಿಲ್ ಕೊಟ್ಟು ಕೇಳುವ ಹಕ್ಕು ಮಾಂಟ್ರಿಯಲ್ ಒಪ್ಪಂದದಲ್ಲಿದೆ. ಭಾರತ 2009ರಲ್ಲಿ ಅದಕ್ಕೆ ಸೇರಿದೆ. ಒಬ್ಬರಿಗೆ ಗರಿಷ್ಠ ಮಿತಿ ಒಂದೂವರೆ ಲಕ್ಷ ರೂಪಾಯಿಗೂ ಮೇಲೆ. ಹಾಗೆಂದು ಅಷ್ಟೂ ಸಿಗುತ್ತದೆಂದಲ್ಲ, ಆದ ನಷ್ಟಕ್ಕೆ ಲೆಕ್ಕ ತೋರಿಸಬೇಕು. ತಡವಾದ ಪೆಟ್ಟಿಗೆ ಕೈಗೆ ಸಿಕ್ಕ 21 ದಿನದೊಳಗೆ, ಒಡೆದ ಪೆಟ್ಟಿಗೆಗೆ 7 ದಿನದೊಳಗೆ ಬರೆದು ಕೊಡಬೇಕು. ಹೋದ ವರ್ಷದ್ದಕ್ಕೆ ಈಗ ಬಾಗಿಲು ಮುಚ್ಚಿದೆ.

ವಾಪಸ್ ಬರುವಾಗ ನಿಯಮ ತಿರುಗಿ ನಮ್ಮ ಕಡೆ ಬರುತ್ತದೆ. ಬೆಂಗಳೂರಿನಲ್ಲೇ ಇಮಿಗ್ರೇಷನ್, ಪೆಟ್ಟಿಗೆ, ಕಸ್ಟಮ್ಸ್. ಅಲ್ಲಿಂದ ಅದೇ ದಿನ ಮಂಗಳೂರಿಗೆ ಬೇರೆ ಟಿಕೆಟ್ ಇಟ್ಟುಕೊಳ್ಳಬೇಡಿ. ರಾತ್ರಿ ರೈಲಿಗೆ ಟಿಕೆಟ್ ಮಾಡಿಸಿ, ಇಲ್ಲವೇ ಒಂದು ದಿನ ಉಳಿದು ಬನ್ನಿ. ರಿಟರ್ನ್ ದಿನಾಂಕವನ್ನು ಅಳಿಯ ಟಿಕೆಟ್ ಮಾಡುವಾಗ, ದಿನಾಂಕ ಬದಲಿಸಿದರೆ ಎಷ್ಟು ಶುಲ್ಕ ಎಂದು ಓದಿಯೇ ದುಡ್ಡು ಕಟ್ಟಲಿ. ಮಗು ಬಂದ ಮೇಲೆ ಅಜ್ಜ ಅಜ್ಜಿಯ ದಿನಾಂಕ ಹೇಗೂ ಮುಂದೆ ಹೋಗುತ್ತದೆ. ಆದರೆ ಅಮೆರಿಕದಲ್ಲಿ ಇಳಿಯುವಾಗ ಇಷ್ಟರವರೆಗೆ ಇರಬಹುದು ಎಂದು ಅಧಿಕಾರಿ ಕೊಟ್ಟ ದಿನಾಂಕವನ್ನು ದಾಟಬಾರದು. ಅದು ವೀಸಾದ ಮೇಲಿನ ದಿನಾಂಕ ಅಲ್ಲ, ಐ-94 ಎಂಬ ದಾಖಲೆಯಲ್ಲಿ ಬೇರೆಯೇ ಇರುತ್ತದೆ. ಇಳಿದ ವಾರವೇ ಮಗಳು ಅದನ್ನು ಆನ್‌ಲೈನ್‌ನಲ್ಲಿ ತೆಗೆದು ನೋಡಲಿ.